‘ನನ್ ಕೈಲಿ ಆಗಲ್ಲ’ ಅನ್ನೋದನ್ನ ನಾವು ಕಲಿತದ್ದಾ?

ಆನೆಮರಿಯ ರೀಲ್ ನೀವೂ ನೋಡೇ ಇರ್ತೀರಿ. ಮರಿಯಾಗಿದ್ದಾಗ ಕಾಲಿಗೆ ಸರಪಳಿ ಕಟ್ಟಿರ್ತಾರೆ, ಅದು ಎಳೆದೂ ಎಳೆದೂ ಸೋತು ಸುಮ್ಮನಾಗುತ್ತೆ. ದೊಡ್ಡದಾದ ಮೇಲೆ ಒಂದು ಸಣ್ಣ ಹಗ್ಗ ಕಟ್ಟಿದರೂ ಸಾಕು, ಕಿತ್ತುಕೊಂಡು ಹೋಗಲ್ಲ. ಹಿನ್ನೆಲೆಯಲ್ಲಿ ಪಿಯಾನೊ, ಕೊನೆಗೊಂದು ಗಂಭೀರ ದನಿ: ಹಗ್ಗ ಇರೋದು ನಿನ್ನ ತಲೆಯಲ್ಲಿ, ಕಿತ್ತು ಬಿಸಾಕು. ನಮ್ಮ ಫ್ಯಾಮಿಲಿ ಗ್ರೂಪಿನಲ್ಲೇ ಇದು ಮೂರು ಸಲ ಬಂದುಹೋಗಿದೆ.

ಆನೆಯ ಕತೆ ಎಷ್ಟು ನಿಜವೋ, ಅದು ಬೇರೆ ಮಾತು. ಆದರೆ ಅದು ಹೇಳುವ ವಿಚಾರಕ್ಕೆ ಮನಃಶಾಸ್ತ್ರದಲ್ಲಿ ಒಂದು ಹೆಸರಿದೆ. ಲರ್ನ್ಡ್ ಹೆಲ್ಪ್‌ಲೆಸ್‌ನೆಸ್. ಕನ್ನಡದಲ್ಲಿ ‘ಕಲಿತ ಅಸಹಾಯಕತೆ’ ಅನ್ನೋಣ. ಮಜಾ ಏನಂದ್ರೆ, ಈ ಸಿದ್ಧಾಂತ ಕಟ್ಟಿದ ಇಬ್ಬರೇ ಐವತ್ತು ವರ್ಷ ಆದ ಮೇಲೆ ಅದನ್ನು ತಲೆಕೆಳಗು ಮಾಡಿದರು. ರೀಲ್ ಮಾಡುವವರಿಗೆ ಆ ಸುದ್ದಿ ಇನ್ನೂ ಮುಟ್ಟಿದ ಹಾಗಿಲ್ಲ.

ಸ್ವಲ್ಪ ಹಿಂದಕ್ಕೆ ಹೋಗೋಣ. 1898ರಲ್ಲಿ ಅಮೆರಿಕದ ಎಡ್ವರ್ಡ್ ಥಾರ್ನ್‌ಡೈಕ್ ಬೆಕ್ಕುಗಳನ್ನು ಪೆಟ್ಟಿಗೆಯೊಳಗೆ ಕೂಡಿಹಾಕಿ, ಅವು ಹೊರಬರಲು ಎಷ್ಟು ಹೊತ್ತು ತಗೊಳ್ಳುತ್ತವೆ ಅಂತ ಅಳೆದ ಪ್ರಬಂಧ ಪ್ರಕಟಿಸಿದ. ಪರಚಿ, ಕಚ್ಚಿ, ಒದ್ದಾಡುವಾಗ ಅಕಸ್ಮಾತ್ತಾಗಿ ಅಗುಳಿ ಬಿಚ್ಚಿಕೊಳ್ಳುತ್ತಿತ್ತು. ಮತ್ತೆ ಮತ್ತೆ ಹಾಕಿದಾಗ ಆ ಹೊತ್ತು ಕಡಿಮೆಯಾಗುತ್ತಾ ಬಂತು. ಫಲ ಕೊಟ್ಟ ಕೆಲಸ ಉಳಿಯುತ್ತೆ, ಕೊಡದ್ದು ಉದುರಿಹೋಗುತ್ತೆ. ವಾಟ್ಸನ್, ಸ್ಕಿನ್ನರ್ ಇವರೆಲ್ಲ ಮುಂದೆ ಕಟ್ಟಿದ ವರ್ತನಾವಾದಕ್ಕೆ ಇದೇ ತಳಹದಿ. ತಲೆಯೊಳಗೆ ಏನು ನಡೆಯುತ್ತೆ ಅನ್ನೋದು ಬೇಡ, ಪ್ರಾಣಿ ಏನು ಮಾಡ್ತು, ಅದಕ್ಕೆ ಏನು ಸಿಕ್ತು, ಅಷ್ಟೇ ನೋಡಿ ಅನ್ನೋ ವಾದ. ಅರ್ಧ ಶತಮಾನ ಅಮೆರಿಕದ ಪ್ರಯೋಗಶಾಲೆಗಳನ್ನು ಆಳಿತು.

ಈಗ 1960ರ ದಶಕಕ್ಕೆ ಬನ್ನಿ. ಪೆನ್ಸಿಲ್ವೇನಿಯಾ ವಿಶ್ವವಿದ್ಯಾಲಯದಲ್ಲಿ ಮಾರ್ಟಿನ್ ಸೆಲಿಗ್‌ಮನ್, ಸ್ಟೀವನ್ ಮೇಯರ್ ಅಂತ ಇಬ್ಬರು ವಿದ್ಯಾರ್ಥಿಗಳು. ಅಲ್ಲಿ ನಾಯಿಗಳಿಗೆ ಕರೆಂಟ್ ಶಾಕ್ ಕೊಟ್ಟು ಮಾಡುತ್ತಿದ್ದ ಒಂದು ಪ್ರಯೋಗ ಎಡವಟ್ಟಾಗುತ್ತಿತ್ತು. ತಪ್ಪಿಸಿಕೊಳ್ಳೋಕೆ ದಾರಿಯಿದ್ದರೂ ಕೆಲವು ನಾಯಿಗಳು ಸುಮ್ಮನೆ ಮಲಗಿಬಿಡುತ್ತಿದ್ದವು. ಬೇರೆಯವರಿಗೆ ಅದು ತಲೆನೋವು, ಇವರಿಬ್ಬರಿಗೆ ಅದೇ ಪ್ರಶ್ನೆ.

1967ರಲ್ಲಿ ಪ್ರಕಟವಾದ ಅವರ ಪ್ರಯೋಗವನ್ನು ನಿಧಾನವಾಗಿ ಹೇಳ್ತೀನಿ, ಇಡೀ ಕತೆ ನಿಂತಿರೋದು ಇದರ ಮೇಲೆ. ಮೂರು ಗುಂಪು, ಒಂದೊಂದರಲ್ಲಿ ಎಂಟು ನಾಯಿ. ಮೊದಲ ಗುಂಪಿಗೆ ಶಾಕ್ ಬಂದಾಗ ತಲೆಯಿಂದ ಪಕ್ಕದ ಹಲಗೆ ಒತ್ತಿದರೆ ನಿಲ್ಲುತ್ತಿತ್ತು. ಎರಡನೇ ಗುಂಪಿಗೂ ಅಷ್ಟೇ ಶಾಕ್, ಅಷ್ಟೇ ಹೊತ್ತು, ಆದರೆ ಹಲಗೆ ಒತ್ತಿದರೆ ಏನೂ ಆಗುತ್ತಿರಲಿಲ್ಲ. ಮೂರನೇ ಗುಂಪಿಗೆ ಶಾಕೇ ಇಲ್ಲ. ಮಾರನೇ ದಿನ ಎಲ್ಲವನ್ನೂ ನಡುವೆ ಗಿಡ್ಡ ಅಡ್ಡಗೋಡೆಯಿದ್ದ ಪೆಟ್ಟಿಗೆಯಲ್ಲಿ ಬಿಟ್ಟರು. ಗೋಡೆ ಹಾರಿದರೆ ಶಾಕ್ ಇಲ್ಲ. ಒಂದನೇ, ಮೂರನೇ ಗುಂಪಿನವು ಹಾರೋದನ್ನು ಬೇಗ ಕಲಿತವು. ಎರಡನೇ ಗುಂಪಿನ ಎಂಟರಲ್ಲಿ ಆರು ಹಾರಲೇ ಇಲ್ಲ ಅನ್ನಬಹುದು.

ಕೇಳೋಕೆ ಹಿಂಸೆ ಆಗುತ್ತೆ, ನನಗೂ ಆಗುತ್ತೆ. ಇವತ್ತು ಇಂಥ ಪ್ರಯೋಗಕ್ಕೆ ನೈತಿಕ ಸಮಿತಿಯ ಒಪ್ಪಿಗೆ ಸಿಗೋದು ಬಹಳ ಕಷ್ಟ. ಆದರೆ ಫಲಿತಾಂಶ ಗಮನಿಸಿ: ಎರಡು ಗುಂಪೂ ತಿಂದ ನೋವು ಒಂದೇ. ಬೇರೆಯಾಗಿದ್ದು ಒಂದೇ ಒಂದು, ನಿಲ್ಲಿಸುವ ದಾರಿ ಕೈಯಲ್ಲಿತ್ತಾ, ಇರಲಿಲ್ಲವಾ. ವರ್ತನಾವಾದಕ್ಕೆ ಇದು ಗಂಟಲಲ್ಲಿ ಸಿಕ್ಕಿದ ಮುಳ್ಳು. ‘ನಾನೇನು ಮಾಡಿದರೂ ಅಷ್ಟೇ’ ಅನ್ನೋದು ಒಂದು ನಿರೀಕ್ಷೆ. ತಲೆಯೊಳಗೆ ಏನೋ ಇದೆ ಅಂತ ಒಪ್ಪದೆ ಇದನ್ನು ವಿವರಿಸೋದು ಹೇಗೆ? ನಾಯಿ ಅಸಹಾಯಕತೆಯನ್ನು ಕಲಿತಿದೆ ಅಂದರು ಇಬ್ಬರೂ.

ಅಲ್ಲಿಂದ ಇದು ಮನುಷ್ಯರ ಕಡೆಗೆ ಹೊರಟಿತು. 1974ರಲ್ಲಿ ಡೊನಾಲ್ಡ್ ಹಿರೋಟೊ ಶಾಕ್ ಬದಲು ಕಿವಿಗಡಚಿಕ್ಕುವ ಸದ್ದು ಬಳಸಿ, ಕಾಲೇಜು ವಿದ್ಯಾರ್ಥಿಗಳಲ್ಲೂ ಇದೇ ಕಂಡ. ಆದರೆ ಎಲ್ಲರೂ ಕೈಚೆಲ್ಲಲ್ಲ ಅಲ್ವಾ? ಅದಕ್ಕೆ 1978ರಲ್ಲಿ ಲಿನ್ ಅಬ್ರಾಮ್‌ಸನ್, ಸೆಲಿಗ್‌ಮನ್, ಜಾನ್ ಟೀಸ್‌ಡೇಲ್ ಒಂದು ತಿದ್ದುಪಡಿ ತಂದರು. ಸೋಲಿಗೆ ನಾವು ಏನು ಕಾರಣ ಕೊಟ್ಕೋತೀವಿ ಅನ್ನೋದು ಮುಖ್ಯ ಅಂದರು. ಗಣಿತದ ಪೇಪರ್ ಹೋಯ್ತು ಅಂತಿಟ್ಕೊಳ್ಳಿ. ‘ಈ ಸಲ ಓದಿದ್ದು ಸಾಲಲಿಲ್ಲ’ ಅನ್ನೋನು ಒಬ್ಬ. ‘ನಾನೇ ದಡ್ಡ, ಯಾವತ್ತೂ ಅಷ್ಟೇ, ಯಾವುದೂ ಬರಲ್ಲ’ ಅನ್ನೋನು ಇನ್ನೊಬ್ಬ. ಇಬ್ಬರದೂ ಒಂದೇ ಮಾರ್ಕ್ಸು. ಆದರೆ ಮುಂದಿನ ಆರು ತಿಂಗಳು ಒಂದೇ ಥರ ಇರಲ್ಲ. ಹೀಗೆ ಕಲಿಕೆಯ ಪ್ರಶ್ನೆಯಾಗಿ ಶುರುವಾದದ್ದು ವ್ಯಕ್ತಿತ್ವದ ಪ್ರಶ್ನೆಯೂ ಆಯಿತು.

ಇಷ್ಟರಲ್ಲಿ ಮೇಯರ್ ಈ ವಾದ ವಿವಾದ ಬಿಟ್ಟು ಮಿದುಳಿನ ಅಧ್ಯಯನಕ್ಕೆ ಹೊರಟುಹೋಗಿದ್ದ. ಕೊಲರಾಡೊ ವಿಶ್ವವಿದ್ಯಾಲಯದಲ್ಲಿ ಇಲಿಗಳ ಮೇಲೆ ವರ್ಷಗಟ್ಟಲೆ ಕೆಲಸ. ಒಂದು ಇಲಿ ಚಕ್ರ ತಿರುಗಿಸಿದರೆ ಶಾಕ್ ನಿಲ್ಲುತ್ತೆ, ಇನ್ನೊಂದಕ್ಕೆ ಅದು ಕೈಯಲ್ಲಿಲ್ಲ. ಅವನಿಗೆ ಕಂಡದ್ದು ಇದು: ತಡೆಯಿಲ್ಲದ ನೋವು ಬಹಳ ಹೊತ್ತು ಬಂದರೆ ಮಿದುಳಿನ ಕಾಂಡದಲ್ಲಿ ಸೆರೊಟೋನಿನ್ ತಯಾರಿಸುವ ಒಂದು ಭಾಗ ಜೋರಾಗಿ ಕೆಲಸ ಶುರುಮಾಡುತ್ತೆ, ಪ್ರಾಣಿ ಮುದುಡಿಕೊಳ್ಳುತ್ತೆ. ಅದನ್ನು ಯಾರೂ ಕಲಿಸಬೇಕಿಲ್ಲ, ಅದು ಮೊದಲಿಂದಲೂ ಇರುವ ಏರ್ಪಾಡು. ಕಲಿಯಬೇಕಾದದ್ದು ಅದರ ವಿರುದ್ಧದ್ದು. ‘ನಾನು ಮಾಡಿದ್ದರಿಂದ ಇದು ನಿಂತಿತು’ ಅಂತ ಹಣೆಯ ಹಿಂದಿನ ಮುಂಭಾಗದ ಮಿದುಳು ಗುರುತಿಸಿದಾಗ, ಅದು ಕೆಳಗಿನ ಆ ಭಾಗಕ್ಕೆ ಬ್ರೇಕ್ ಹಾಕುತ್ತೆ.

ಇದನ್ನು ಪರೀಕ್ಷಿಸಿದ ರೀತಿ ನನಗೆ ತುಂಬಾ ಇಷ್ಟ. ಚಕ್ರ ತಿರುಗಿಸಿ ಶಾಕ್ ನಿಲ್ಲಿಸುತ್ತಿರುವ ಇಲಿಯಲ್ಲೇ ಆ ಮುಂಭಾಗವನ್ನು ಔಷಧಿಯಿಂದ ಸ್ವಲ್ಪ ಹೊತ್ತು ಮಲಗಿಸಿದರು. ಇಲಿ ಚಕ್ರ ತಿರುಗಿಸುತ್ತಲೇ ಇತ್ತು, ಶಾಕ್ ನಿಲ್ಲುತ್ತಲೇ ಇತ್ತು. ಆದರೆ ಆಮೇಲೆ ಅದು ವರ್ತಿಸಿದ್ದು ಏನೂ ಮಾಡಲಾಗದ ಇಲಿಯ ಥರ. ಹಿಡಿತ ಇದ್ದರೆ ಸಾಲದು, ಇದೆ ಅಂತ ಮಿದುಳಿಗೆ ಗೊತ್ತಾಗಬೇಕು.

2016ರಲ್ಲಿ ಮೇಯರ್, ಸೆಲಿಗ್‌ಮನ್ ಒಟ್ಟಿಗೆ ಕೂತು ಬರೆದರು: ಅಸಹಾಯಕತೆ ಕಲಿತದ್ದಲ್ಲ, ಹಿಡಿತವೇ ಕಲಿಯುವಂಥದ್ದು. ತಮ್ಮನ್ನು ಪ್ರಸಿದ್ಧಿಗೆ ತಂದ ಹೆಸರಿನ ಮೊದಲ ಪದವನ್ನೇ ಹೊಡೆದುಹಾಕಿದ ಹಾಗೆ.

ಇದರಿಂದ ನಮಗೇನು? ರೀಲ್ ಹೇಳೋದು, ತಪ್ಪು ಪಾಠ ಕಲಿತಿದ್ದೀಯ, ಮರೆತುಬಿಡು ಅಂತ. ಅಂದ್ರೆ ತಪ್ಪು ನಿಮ್ಮದೇ. ಹೊಸ ಲೆಕ್ಕದ ಪ್ರಕಾರ, ಮುದುಡಿ ಕೂತವನು ಯಾವ ತಪ್ಪು ಪಾಠವನ್ನೂ ಕಲಿತಿಲ್ಲ. ಕಲಿಯೋಕೆ ಅವಕಾಶ ಸಿಕ್ಕಿಲ್ಲ ಅಷ್ಟೇ. ಎರಡನೇ ಗುಂಪಿನ ನಾಯಿಯ ಹಲಗೆ ನಿಜವಾಗಲೂ ಕೆಲಸ ಮಾಡುತ್ತಿರಲಿಲ್ಲ ಅಲ್ವಾ? ಮೂರು ವರ್ಷದಿಂದ ನೇಮಕಾತಿ ಪರೀಕ್ಷೆ ಮುಂದಕ್ಕೆ ಹೋಗುತ್ತಲೇ ಇರುವ ಹುಡುಗಿಗೆ ‘ಮನಸ್ಸು ಗಟ್ಟಿ ಮಾಡ್ಕೋ’ ಅನ್ನುವ ಮುಂಚೆ ಇದು ನೆನಪಿರಲಿ ಅಂತ ನನ್ನ ಆಸೆ. ಇಲಿಯಿಂದ ಹುಡುಗಿಗೆ ನೇರ ಜಿಗಿತ ಸಲ್ಲದು, ಅದೂ ನಿಜ. ಖಿನ್ನತೆಗೆ ಬೇರೆ ಕಾರಣಗಳೂ ಇವೆ. ವಾರಗಟ್ಟಲೆ ಏಳೋಕೇ ಆಗ್ತಿಲ್ಲ ಅನ್ನೋರು ಟೆಲಿ ಮಾನಸ್‌ನ 14416ಕ್ಕೆ ಫೋನ್ ಮಾಡಿ, ದುಡ್ಡು ಕೊಡಬೇಕಿಲ್ಲ, ಕನ್ನಡದಲ್ಲೇ ಮಾತಾಡಬಹುದು.

ಇನ್ನೊಂದು ವಿಷಯ ಹೇಳಿ ಮುಗಿಸ್ತೀನಿ. ಆ ಮಲಗಿಬಿಟ್ಟ ನಾಯಿಗಳು ಏನಾದವು? 1968ರಲ್ಲಿ ಸೆಲಿಗ್‌ಮನ್, ಮೇಯರ್ ಮತ್ತು ಜೇಮ್ಸ್ ಗೀರ್ ಅಂಥವುಗಳ ಕೊರಳಿಗೆ ಹಗ್ಗ ಹಾಕಿ, ಶಾಕ್ ಇಲ್ಲದ ಬದಿಗೆ ಎಳೆದರು. ಮತ್ತೆ ಮತ್ತೆ ಎಳೆದರು. ಮೊದಮೊದಲು ಪೂರಾ ಬಲ ಹಾಕಬೇಕಿತ್ತು. ಬರ್ತಾ ಬರ್ತಾ ಹಗ್ಗ ಸಡಿಲವಾಯಿತು. ಆಮೇಲೆ ನಾಯಿಗಳೇ ಹಾರತೊಡಗಿದವು.