ಪೆಟ್ಟಿಗೆಯೊಳಗಿನ ಗಾಳಿಯೂ ಒಂದು ಸ್ಪ್ರಿಂಗ್

ಕಾರಿಗೆ ಸಬ್‌ವೂಫರ್ ಕೊಳ್ಳಲು ಅಂಗಡಿಗೆ ಬಂದ ಕಾಲೇಜು ಹುಡುಗನ ಕಣ್ಣು ಮೊದಲು ಬೀಳುವುದು ರಟ್ಟಿನ ಡಬ್ಬದ ಮೇಲೆ ದಪ್ಪಕ್ಷರದಲ್ಲಿ ಅಚ್ಚಾದ ವ್ಯಾಟ್ ಲೆಕ್ಕದ ಮೇಲೆ. ಜೊತೆಗೆ ಬಂದ ಅಪ್ಪನ ಕಣ್ಣು ಬೆಲೆಯ ಮೇಲೆ. ಡಬ್ಬದೊಳಗೆ ಮಡಿಸಿಟ್ಟ ತಾಂತ್ರಿಕ ವಿವರದ ಹಾಳೆಯನ್ನು ಇಬ್ಬರೂ ಬಿಚ್ಚುವುದಿಲ್ಲ. ಕೊಟ್ಟ ಹಣಕ್ಕೆ ತಕ್ಕ ಸಂಗೀತ ಕೇಳಿಸುತ್ತದೆಯೋ ಅಥವಾ ಡಿಕ್ಕಿಯಲ್ಲಿ ಬರೀ ಗುಂಯ್‌ಗುಟ್ಟುವ ಪೆಟ್ಟಿಗೆಯೊಂದು ಕೂರುತ್ತದೆಯೋ ಎಂಬುದನ್ನು ಮುಂಚಿತವಾಗಿ ಹೇಳಬಲ್ಲದ್ದು ಆ ಹಾಳೆಯೇ. ಅದನ್ನು ಓದಲು ಬೇಕಾದ ವಿದ್ಯೆಯೂ ದೊಡ್ಡದಲ್ಲ. ಬಾಯ್ಲ್‌ನ ನಿಯಮ, ಸ್ಪ್ರಿಂಗಿನ ಕಂಪನ, ವರ್ಗಮೂಲ ಇಷ್ಟು ಗೊತ್ತಿದ್ದರೆ ಸಾಕು.

ಪೆಟ್ಟಿಗೆ ಏಕೆ ಬೇಕು?

ಬಾಸ್ ಗಿಟಾರಿನ ಅತಿ ತಗ್ಗಿನ ತಂತಿ ಸೆಕೆಂಡಿಗೆ ಸುಮಾರು 41 ಸಲ ಕಂಪಿಸುತ್ತದೆ. ಇಂಥ ಮಂದ್ರ ನಾದವನ್ನು ಹೊರಡಿಸುವುದೇ ಸಬ್‌ವೂಫರಿನ ಕೆಲಸ. ಅದರ ಶಂಕುವಿನಾಕಾರದ ಪೊರೆ ಮುಂದಕ್ಕೆ ಚಲಿಸಿದಾಗ ಮುಂದಿನ ಗಾಳಿ ಒತ್ತಲ್ಪಡುತ್ತದೆ, ಹಿಂದಿನ ಗಾಳಿ ವಿರಳವಾಗುತ್ತದೆ. ಸ್ಪೀಕರನ್ನು ಬಯಲಲ್ಲಿ ಇಟ್ಟರೆ ಈ ಎರಡೂ ಒಂದನ್ನೊಂದು ಕೂಡಿ ರದ್ದಾಗಿಬಿಡುತ್ತವೆ. ಮಂದ್ರ ನಾದ ಕೇಳಿಸುವುದೇ ಇಲ್ಲ. ಆದ್ದರಿಂದ ಹಿಂದಿನ ಅಲೆಯನ್ನು ಒಂದು ಪೆಟ್ಟಿಗೆಯಲ್ಲಿ ಕೂಡಿಹಾಕಬೇಕು.

ಆದರೆ ಹೀಗೆ ಕೂಡಿಹಾಕಿದ ಗಾಳಿ ಸುಮ್ಮನಿರುವುದಿಲ್ಲ. ಸೂಜಿ ಇಲ್ಲದ ಸಿರಿಂಜಿನ ಬಾಯಿಯನ್ನು ಬೆರಳಿನಿಂದ ಮುಚ್ಚಿ ಹಿಡಿಯನ್ನು ಒತ್ತಿ ನೋಡಿ. ಬಿಟ್ಟ ಕೂಡಲೇ ಅದು ಹಿಂದಕ್ಕೆ ಪುಟಿಯುತ್ತದೆ. 20 ಮಿ.ಲೀ. ಗಾಳಿಯನ್ನು 1 ಮಿ.ಲೀ. ಒತ್ತಿದರೆ ಇಪ್ಪತ್ತನೇ ಒಂದು ಭಾಗ ಕುಗ್ಗಿದಂತಾಯಿತು, 5 ಮಿ.ಲೀ. ಗಾಳಿಯನ್ನು ಅಷ್ಟೇ ಒತ್ತಿದರೆ ಐದನೇ ಒಂದು ಭಾಗ. ಎರಡನೆಯದು ಬೆರಳಿಗೆ ಹೆಚ್ಚು ಬಿರುಸಾಗಿ ತಗಲುತ್ತದೆ. ಪೆಟ್ಟಿಗೆ ಚಿಕ್ಕದಾದಷ್ಟೂ ಅದರೊಳಗಿನ ಗಾಳಿಯ ಸ್ಪ್ರಿಂಗ್ ಬಿಗಿ ಎಂಬುದೇ ಇದರ ಸಾರ.

ಮೇಷ್ಟರು ಮತ್ತು ಶಿಷ್ಯ

ಈ ಬಿಗಿಯನ್ನು ತೊಡಕೆಂದು ಭಾವಿಸದೆ ಉಪಯೋಗಕ್ಕೆ ತಂದವರು ಅಮೆರಿಕದ ಎಡ್ಗರ್ ವಿಲ್ಚರ್. ನ್ಯೂಯಾರ್ಕ್ ವಿಶ್ವವಿದ್ಯಾಲಯದಲ್ಲಿ ಅವರು ಧ್ವನಿ ಪುನರುತ್ಪಾದನೆಯ ಪಾಠ ಹೇಳುತ್ತಿದ್ದರು. ಸ್ಪೀಕರಿನ ಪೊರೆಯನ್ನು ಸಡಿಲವಾಗಿ ತೂಗುಹಾಕಿ, ಅದನ್ನು ಹಿಂದಕ್ಕೆ ಎಳೆಯುವ ಕೆಲಸವನ್ನು ಮುಚ್ಚಿದ ಪೆಟ್ಟಿಗೆಯ ಗಾಳಿಗೇ ಏಕೆ ವಹಿಸಬಾರದು ಎಂಬುದು ಅವರ ಆಲೋಚನೆ. ಗಾಳಿಯ ಸ್ಪ್ರಿಂಗ್ ಬಟ್ಟೆ, ರಟ್ಟುಗಳ ಸ್ಪ್ರಿಂಗಿಗಿಂತ ಹೆಚ್ಚು ಕ್ರಮಬದ್ಧವಾಗಿ ವರ್ತಿಸುತ್ತದೆ. ತಮ್ಮ ವಿದ್ಯಾರ್ಥಿ ಹೆನ್ರಿ ಕ್ಲಾಸ್ ಜೊತೆ ಸೇರಿ 1954ರಲ್ಲಿ ಅವರು ಅಕೌಸ್ಟಿಕ್ ರಿಸರ್ಚ್ ಕಂಪನಿಯನ್ನು ಆರಂಭಿಸಿದರು. ಅಲ್ಲಿಯವರೆಗೆ ಬೀರುವಿನಷ್ಟು ದೊಡ್ಡ ಪೆಟ್ಟಿಗೆ ಬೇಡುತ್ತಿದ್ದ ಮಂದ್ರ ನಾದ ಪುಸ್ತಕದ ಕಪಾಟಿನಲ್ಲಿ ಕೂರುವ ಪೆಟ್ಟಿಗೆಗೆ ಇಳಿಯಿತು.

ಮುಂದೆ 1961ರಲ್ಲಿ ಆಸ್ಟ್ರೇಲಿಯಾದ ನೆವಿಲ್ ಥೀಲ್, 1970ರ ದಶಕದ ಆರಂಭದಲ್ಲಿ ಸಿಡ್ನಿಯಲ್ಲಿ ಸಂಶೋಧನೆ ಮಾಡಿದ ರಿಚರ್ಡ್ ಸ್ಮಾಲ್ ಇವರಿಬ್ಬರೂ ಸ್ಪೀಕರ್ ಮತ್ತು ಪೆಟ್ಟಿಗೆಯ ಹೊಂದಾಣಿಕೆಯನ್ನು ಗಣಿತಕ್ಕೆ ಇಳಿಸಿದರು. ವಿವರದ ಹಾಳೆಯಲ್ಲಿರುವ 'ಥೀಲ್-ಸ್ಮಾಲ್' ಅಂಕಿಗಳು ಇವರ ಕೊಡುಗೆ.

ಮೂರು ಅಂಕಿಗಳ ಲೆಕ್ಕ

ಮುಚ್ಚಿದ ಪೆಟ್ಟಿಗೆಗೆ ಮುಖ್ಯವಾದವು ಮೂರು. ಎಫ್‌ಎಸ್ ಎಂದರೆ ಪೆಟ್ಟಿಗೆಯಿಲ್ಲದೆ ಸ್ಪೀಕರ್ ತಾನಾಗಿ ಕಂಪಿಸುವ ಸ್ವಾಭಾವಿಕ ಆವೃತ್ತಿ. ಕ್ಯೂಟಿಎಸ್ ಎಂದರೆ ಆ ಕಂಪನ ಎಷ್ಟು ಬೇಗ ಹತೋಟಿಗೆ ಬರುತ್ತದೆ ಎಂಬುದರ ಸೂಚಿ. ಅಂಕಿ ಚಿಕ್ಕದಾದಷ್ಟೂ ಹತೋಟಿ ಹೆಚ್ಚು. ವಿಎಎಸ್ ಎಂದರೆ ಸ್ಪೀಕರಿನ ಸ್ವಂತ ಸ್ಪ್ರಿಂಗಿನಷ್ಟೇ ಬಿಗಿಯಾಗಿರುವ ಗಾಳಿಯ ಗಾತ್ರ, ಲೀಟರುಗಳಲ್ಲಿ.

ವಿಎಎಸ್ ಅನ್ನು ಪೆಟ್ಟಿಗೆಯ ಲೀಟರಿನಿಂದ ಭಾಗಿಸಿ, ಬಂದದ್ದಕ್ಕೆ 1 ಕೂಡಿಸಿ, ವರ್ಗಮೂಲ ತೆಗೆಯಿರಿ. ಇದರಿಂದ ಎಫ್‌ಎಸ್ ಮತ್ತು ಕ್ಯೂಟಿಎಸ್ ಎರಡನ್ನೂ ಗುಣಿಸಿದರೆ, ಪೆಟ್ಟಿಗೆಯೊಳಗೆ ಸ್ಪೀಕರ್ ಹೇಗೆ ವರ್ತಿಸುತ್ತದೆ ಎಂಬುದು ತಿಳಿಯುತ್ತದೆ.

20 ಲೀಟರಿನ ಪೆಟ್ಟಿಗೆಗೆ ಎರಡು ಸ್ಪೀಕರುಗಳನ್ನು ಹೋಲಿಸಿ ನೋಡಬಹುದು. ಮೊದಲನೆಯದು 10 ಇಂಚಿನದು: ಎಫ್‌ಎಸ್ 30, ಕ್ಯೂಟಿಎಸ್ 0.5, ವಿಎಎಸ್ 20 ಲೀಟರ್. ಭಾಗಿಸಿದರೆ 1, ಕೂಡಿಸಿದರೆ 2, ವರ್ಗಮೂಲ 1.414. ಪೆಟ್ಟಿಗೆಯಲ್ಲಿ ಅದರ ಆವೃತ್ತಿ ಸುಮಾರು 42 ಹರ್ಟ್ಸ್, ಹತೋಟಿಯ ಅಂಕಿ 0.707. ಉಬ್ಬುತಗ್ಗಿಲ್ಲದ ಸಮನಾದ ನಾದಕ್ಕೆ ಎಂಜಿನಿಯರುಗಳು ಬಯಸುವ ಅಂಕಿಯೇ ಇದು.

ಎರಡನೆಯದು 12 ಇಂಚಿನದು, ಬೆಲೆಯೂ ಜಾಸ್ತಿ: ಎಫ್‌ಎಸ್ 25, ಕ್ಯೂಟಿಎಸ್ 0.5, ವಿಎಎಸ್ 60 ಲೀಟರ್. ಭಾಗಿಸಿದರೆ 3, ಕೂಡಿಸಿದರೆ 4, ವರ್ಗಮೂಲ 2. ಆವೃತ್ತಿ 50 ಹರ್ಟ್ಸಿಗೆ ಏರಿತು, ಹತೋಟಿಯ ಅಂಕಿ 1.0 ಆಯಿತು. ಹಾಳೆಯಲ್ಲಿ ಇನ್ನೂ ತಗ್ಗಿನ ನಾದದ ಭರವಸೆ ಕೊಟ್ಟ ಸ್ಪೀಕರ್ ಚಿಕ್ಕ ಪೆಟ್ಟಿಗೆಯಲ್ಲಿ ಮೇಲಕ್ಕೆ ಹೋಗಿ, ನಾದ ಉಬ್ಬಿಕೊಂಡು ಗುಂಯ್‌ಗುಟ್ಟತೊಡಗುತ್ತದೆ. ಅದು ಕೆಟ್ಟ ಸ್ಪೀಕರಲ್ಲ. 60 ಲೀಟರಿನ ಪೆಟ್ಟಿಗೆ ಕೊಟ್ಟರೆ ಸೊಗಸಾಗಿ ನುಡಿಯುತ್ತದೆ. ಪಾದಕ್ಕೆ ತಕ್ಕ ಚಪ್ಪಲಿ ಆರಿಸುವಂತೆ ಪೆಟ್ಟಿಗೆಗೆ ತಕ್ಕ ಸ್ಪೀಕರ್ ಆರಿಸಬೇಕು.

ಪೆಟ್ಟಿಗೆಯನ್ನು ಬಡಗಿಯಿಂದ ಮಾಡಿಸುವುದಾದರೆ ಹೊರ ಅಳತೆಯಿಂದ ಮೋಸ ಹೋಗಬಾರದು. 33, 33, 28 ಸೆಂ.ಮೀ. ಹೊರ ಅಳತೆಯ ಪೆಟ್ಟಿಗೆ 30 ಲೀಟರಿನದೆಂದು ತೋರುತ್ತದೆ. 18 ಮಿ.ಮೀ. ದಪ್ಪದ ಹಲಗೆಯನ್ನು ಆರೂ ಬದಿಯಲ್ಲಿ ಕಳೆದರೆ ಒಳಗೆ ಉಳಿಯುವುದು 21 ಲೀಟರ್ ಮಾತ್ರ. ಸ್ಪೀಕರಿನ ಅಯಸ್ಕಾಂತವೂ ಚೌಕಟ್ಟೂ ಅದರಲ್ಲಿ ಮತ್ತೊಂದು ಲೀಟರಿನಷ್ಟು ಜಾಗ ಹಿಡಿಯುತ್ತವೆ. ಕೀಲುಗಳಲ್ಲಿ ಗಾಳಿ ಸೋರದಂತೆ ಅಂಟು ತುಂಬಿಸಬೇಕು. ಸೋರುವ ಪೆಟ್ಟಿಗೆಯಲ್ಲಿ ಸ್ಪ್ರಿಂಗೇ ಇರುವುದಿಲ್ಲ.

ಕಾರಿನ ಸಹಾಯ

ಮುಚ್ಚಿದ ಪೆಟ್ಟಿಗೆಯ ನಾದ ತನ್ನ ಆವೃತ್ತಿಯಿಂದ ಕೆಳಗೆ, ಆವೃತ್ತಿ ಅರ್ಧಕ್ಕಿಳಿದಂತೆಲ್ಲ 12 ಡೆಸಿಬೆಲ್‌ನಷ್ಟು ಕುಗ್ಗುತ್ತದೆ. ಮನೆಯಲ್ಲಾದರೆ ಇದು ಕೊರತೆ. ಕಾರಿನಲ್ಲಿ ಹಾಗಲ್ಲ. ಸುಮಾರು ಎರಡೂವರೆ ಮೀಟರ್ ಉದ್ದದ ಮುಚ್ಚಿದ ಕಾರಿನೊಳಗೆ, ಅಂದಾಜು 70 ಹರ್ಟ್ಸಿನ ಕೆಳಗೆ, ಅಲೆಗಳು ಹರಡಲು ಜಾಗವಿಲ್ಲದೆ ಇಡೀ ಒಳಾಂಗಣದ ಗಾಳಿಯೇ ಒತ್ತಲ್ಪಟ್ಟು ಮಂದ್ರ ನಾದ ತಾನಾಗಿಯೇ ಏರುತ್ತದೆ. ಪೆಟ್ಟಿಗೆ ಕಳೆದುಕೊಂಡದ್ದನ್ನು ಬಹುಮಟ್ಟಿಗೆ ಕಾರು ತುಂಬಿಕೊಡುತ್ತದೆ. ಚಿಕ್ಕ ಕಾರಿಗೆ ಚಿಕ್ಕ ಪೆಟ್ಟಿಗೆ ಒಪ್ಪುವುದು ಡಿಕ್ಕಿಯ ಜಾಗ ಉಳಿಯುವುದರಿಂದ ಮಾತ್ರವಲ್ಲ.

ವ್ಯಾಟ್ ಮತ್ತು ಕಿವಿ

ದಪ್ಪಕ್ಷರದ ವ್ಯಾಟ್ ಸಾಮಾನ್ಯವಾಗಿ ಕ್ಷಣಮಾತ್ರ ತಡೆಯಬಲ್ಲ ಗರಿಷ್ಠ ಶಕ್ತಿ. ನೋಡಬೇಕಾದದ್ದು ಆರ್‌ಎಂಎಸ್ ಎಂದು ಬರೆದಿರುವ, ಸತತವಾಗಿ ತಾಳಬಲ್ಲ ಶಕ್ತಿಯನ್ನು. ಅದನ್ನು ಇಮ್ಮಡಿಸಿದರೂ ಸಿಗುವುದು 3 ಡೆಸಿಬೆಲ್ ಅಷ್ಟೇ. ನಾದ ಕಿವಿಗೆ ಎರಡರಷ್ಟು ಕೇಳಿಸಬೇಕಾದರೆ ಸುಮಾರು ಹತ್ತುಪಟ್ಟು ಶಕ್ತಿ ಬೇಕು. ಆಂಪ್ಲಿಫೈಯರಿಗೆ ಎಳೆಯುವ ತಂತಿಗೆ ಬ್ಯಾಟರಿಯ ಹತ್ತಿರವೇ ಫ್ಯೂಸ್ ಹಾಕಿಸಿರಲೇಬೇಕು. 12 ವೋಲ್ಟಿನಲ್ಲಿ 300 ವ್ಯಾಟಿಗೆ 25 ಆಂಪಿಯರ್ ಹರಿಯುತ್ತದೆ; ತಂತಿ ಸುಲಿದು ಲೋಹಕ್ಕೆ ತಗಲಿದರೆ ಬೆಂಕಿಯ ಭಯ.

ಸದ್ದು ತಗ್ಗಿದಾಗ ನಮ್ಮ ಕಿವಿಗೆ ಮಂದ್ರ ನಾದವೇ ಮೊದಲು ಮಾಯವಾಗುತ್ತದೆಂದು ಫ್ಲೆಚರ್ ಮತ್ತು ಮನ್ಸನ್ 1933ರಲ್ಲೇ ತೋರಿಸಿದ್ದರು. ಹೊಂದಿಕೆಯಿಲ್ಲದ ಪೆಟ್ಟಿಗೆಯ ಕಾರಿನಲ್ಲಿ ಹುಡುಗರು ಆ ಕೊರತೆ ತುಂಬಲೆಂದು ಸದ್ದು ಏರಿಸುತ್ತಾ ಹೋಗುತ್ತಾರೆ. ವಿಶ್ವ ಆರೋಗ್ಯ ಸಂಸ್ಥೆಯ ಪ್ರಕಾರ 80 ಡೆಸಿಬೆಲ್ ಸದ್ದನ್ನು ವಾರಕ್ಕೆ 40 ಗಂಟೆ ಕೇಳಬಹುದು. 90 ಡೆಸಿಬೆಲ್ ಆದರೆ 4 ಗಂಟೆ ಮಾತ್ರ. ಒಳಕಿವಿಯ ರೋಮಕೋಶಗಳು ಸತ್ತರೆ ಮತ್ತೆ ಹುಟ್ಟುವುದಿಲ್ಲ. 2000ದ ಶಬ್ದಮಾಲಿನ್ಯ ನಿಯಮಗಳು ವಸತಿ ಪ್ರದೇಶಕ್ಕೆ ಹಗಲು 55, ರಾತ್ರಿ 45 ಡೆಸಿಬೆಲ್ ಮಿತಿ ಹಾಕಿವೆ.

ಆದ್ದರಿಂದ ಮಗ ಸಬ್‌ವೂಫರ್ ಕೇಳಿದಾಗ ಪೋಷಕರು ಕೂಡಲೇ ಬೇಡವೆನ್ನಬೇಕಾಗಿಲ್ಲ, ಕೂಡಲೇ ಹಣ ಎಣಿಸಬೇಕಾಗಿಯೂ ಇಲ್ಲ. ಪೆಟ್ಟಿಗೆ ಎಷ್ಟು ಲೀಟರ್, ವಿಎಎಸ್ ಎಷ್ಟು, ವರ್ಗಮೂಲ ಎಷ್ಟು ಬಂತು ಎಂದು ಕೇಳಲಿ. ಈ ಮೂರಕ್ಕೆ ಕಾಗದದ ಮೇಲೆ ಲೆಕ್ಕ ಮಾಡಿ ತೋರಿಸಿದ ಹುಡುಗ ಅಂಗಡಿಯವನ ಮಾತಿಗೆ ಸುಲಭವಾಗಿ ಮರುಳಾಗುವುದಿಲ್ಲ.