ಪಾರ್ಥೆನಾನ್ ಶಿಲ್ಪಗಳು ಯಾರ ಆಸ್ತಿ?

ಯುನೆಸ್ಕೋ ಲೋಗೋದಲ್ಲಿ ಕಂಬಗಳ ಒಂದು ಗುಡಿ ಇರುತ್ತಲ್ವಾ? ಅದಕ್ಕೆ ಮಾದರಿ ಅಥೆನ್ಸ್‌ನ ಪಾರ್ಥೆನಾನ್. ಕ್ರಿ.ಪೂ. 447ರಲ್ಲಿ ಕೆಲಸ ಶುರುವಾಗಿ 432ಕ್ಕೆ ಮುಗಿದ ಅಥೀನಾ ದೇವಿಯ ಗುಡಿ. ಅದರ ಉಳಿದ ಶಿಲ್ಪಗಳಲ್ಲಿ ಹೆಚ್ಚುಕಮ್ಮಿ ಅರ್ಧ ಇವತ್ತು ಲಂಡನ್‌ನ ಬ್ರಿಟಿಷ್ ಮ್ಯೂಸಿಯಂನಲ್ಲಿವೆ. ಯಾಕೆ?

ಕಾಮರ್ಸ್ ಓದಿರೋದ್ರಿಂದ ನನ್ನ ಕಣ್ಣು ಮೊದಲು ಹೋಗೋದು ಲೆಕ್ಕದ ಕಡೆಗೆ. ಅಥೆನ್ಸ್‌ನವರು ಗುಡಿಯ ಖರ್ಚನ್ನು ಕಲ್ಲಿನ ಮೇಲೆ ಕೆತ್ತಿಸಿಟ್ಟಿದ್ದರು. ಅದರ ತುಂಡುಗಳು ಈಗಲೂ ಇವೆ. ಒಳಗಿದ್ದ ಅಥೀನಾ ಮೂರ್ತಿಯ ಮೇಲೆ ಸಾವಿರ ಕೆಜಿಯಷ್ಟು ಚಿನ್ನ. ಯುದ್ಧದ ಕಷ್ಟ ಬಂದ್ರೆ ಬಿಚ್ಚಿ ಬಳಸೋಕೆ ಆಗೋ ಹಾಗೆ ಕೂರಿಸಿದ್ದರು. ಅಂದ್ರೆ ದೇವರೂ ಹೌದು, ರಿಸರ್ವ್ ಫಂಡೂ ಹೌದು!

ಮುಂದೆ ಇದು ಚರ್ಚ್ ಆಯ್ತು, ಮಸೀದಿ ಆಯ್ತು. 1687ರಲ್ಲಿ ಒಟ್ಟೋಮನ್ನರು ಒಳಗೆ ಮದ್ದುಗುಂಡು ಇಟ್ಟಿದ್ದಾಗ ವೆನಿಸ್ ಸೈನ್ಯದ ಶೆಲ್ ಬಿದ್ದು ಗುಡಿ ಸಿಡಿಯಿತು. 1801ರಿಂದ ಬ್ರಿಟಿಷ್ ರಾಯಭಾರಿ ಲಾರ್ಡ್ ಎಲ್ಗಿನ್‌ನ ಜನ ಶಿಲ್ಪಗಳನ್ನು ಕಿತ್ತು ಸಾಗಿಸಿದರು. 1816ರಲ್ಲಿ ಬ್ರಿಟನ್ ಸರ್ಕಾರ ಅವನ್ನು 35,000 ಪೌಂಡ್‌ಗೆ ಕೊಂಡುಕೊಂಡಿತು.

ರಸೀದಿ ಪಕ್ಕಾ ಇದೆ. ಆದ್ರೆ ಮಾರಿದವನಿಗೆ ಮಾರುವ ಹಕ್ಕಿತ್ತಾ? ಆಗ ಅಥೆನ್ಸ್ ಆಳುತ್ತಿದ್ದ ಒಟ್ಟೋಮನ್ನರ ಅನುಮತಿ ಇತ್ತು ಅಂತಾರೆ. ಆ ಪತ್ರದ ಇಟಾಲಿಯನ್ ಅನುವಾದ ಮಾತ್ರ ಉಳಿದಿದೆ. ಅದರಲ್ಲಿ ಗೋಡೆಯಿಂದ ಕೀಳೋಕೆ ಒಪ್ಪಿಗೆ ಇತ್ತಾ ಅನ್ನೋದೇ ಜಗಳ.

ಸಂಗ್ರಹದಲ್ಲಿರೋದನ್ನು ಹಾಗೆಲ್ಲ ಕೊಟ್ಟುಬಿಡೋಕೆ 1963ರ ಕಾಯ್ದೆ ಬಿಡಲ್ಲ ಅನ್ನುತ್ತೆ ಬ್ರಿಟಿಷ್ ಮ್ಯೂಸಿಯಂ. ಹಾಗಾದ್ರೆ ಕೆಲವು ಕಾಲಕ್ಕೆ ಎರವಲು ಕೊಡಬಹುದಲ್ಲ? ಸಿಕ್ಕು ಇರೋದು ಇಲ್ಲೇ. ಎರವಲು ಅಂತ ಸಹಿ ಹಾಕಿದ್ರೆ ಮಾಲೀಕರು ಅವರೇ ಅಂತ ಗ್ರೀಸ್ ಒಪ್ಪಿದ ಹಾಗೆ ಆಗುತ್ತೆ.

ಇಟ್ಟುಕೊಳ್ಳೋಕೆ ಒಳ್ಳೆ ಜಾಗ ಇಲ್ಲ ಅನ್ನೋ ಮಾತಿಗೆ ಗ್ರೀಸ್ 2009ರಲ್ಲಿ ಉತ್ತರ ಕೊಟ್ಟಿತು: ಗುಡಿ ಎದುರಿಗೆ ಕಾಣೋ ಹೊಸ ಅಕ್ರಾಪೊಲಿಸ್ ಮ್ಯೂಸಿಯಂ. ಅಲ್ಲಿ ಅಸಲಿ ಶಿಲ್ಪಗಳ ನಡುವೆ, ಲಂಡನ್‌ನಲ್ಲಿರೋವುಗಳ ಜಾಗದಲ್ಲಿ ಪ್ಲಾಸ್ಟರ್ ಅಚ್ಚುಗಳಿವೆ. ಬಣ್ಣದ ವ್ಯತ್ಯಾಸ ನೋಡಿದ್ರೇ ಏನು ಊರಲ್ಲಿದೆ, ಏನು ಹೋಗಿದೆ ಅಂತ ಗೊತ್ತಾಗುತ್ತೆ. 2023ರಲ್ಲಿ ವ್ಯಾಟಿಕನ್ ತನ್ನ ಹತ್ತಿರ ಇದ್ದ ಮೂರು ತುಂಡುಗಳನ್ನು ಕೊಟ್ಟುಬಿಟ್ಟಿತು.

ನನ್ನ ಪ್ರಕಾರ ಒಂದೇ ಶಿಲ್ಪಸಾಲಿನ ಅರ್ಧರ್ಧ ಎರಡು ದೇಶದಲ್ಲಿರೋದು ಸರಿಯಲ್ಲ. ನೀವೇನಂತೀರಿ? ವಾಯ್ಸ್ ನೋಟ್ ಕಳಿಸಿ, ಮುಂದಿನ ಎಪಿಸೋಡ್‌ನಲ್ಲಿ ಮಾತಾಡೋಣ.