ಗೋಡೆಯ ಮೇಲೊಂದು ಕಡಲು

ಮುಂಬಯಿಯಲ್ಲಿ ಬಾಳುವ ನಾವು ಕಡಲಿನ ನೆರೆಯವರು. ಆದರೂ ನಮಗೆ ಕಾಣುವುದು ಅದರ ಮೇಲ್ಮೈ ಮಾತ್ರ. ಅದರ ಒಡಲಿನಲ್ಲಿರುವ ಜೀವಿಗಳು ಕಣ್ಣಿಗೆ ಬೀಳುವುದು ಅಪರೂಪ. ಕಾಣದುದರ ಮೇಲೆ ಮಮತೆ ಹುಟ್ಟುವುದು ಕಷ್ಟ. ಮಮತೆಯಿಲ್ಲದೆಡೆ ರಕ್ಷಣೆಯೂ ಇಲ್ಲ. ಈ ಕೊರತೆಯನ್ನು ನೀಗಬಲ್ಲ ಒಂದು ಸಾಧನವೆಂದರೆ ಭಿತ್ತಿಚಿತ್ರ, ಎಂದರೆ ಗೋಡೆಯ ಮೇಲೆ ಬರೆಯುವ ಚಿತ್ರ.

ಅಮೆರಿಕದ ಚಿತ್ರಕಾರ ವೈಲಂಡ್ ಅವರ ಕಾರ್ಯವು ಇದಕ್ಕೆ ಒಳ್ಳೆಯ ನಿದರ್ಶನ. 1981ರಲ್ಲಿ ಅವರು ಕ್ಯಾಲಿಫೋರ್ನಿಯದ ಲಗೂನಾ ಬೀಚ್ ಎಂಬ ಊರಿನ ಗೋಡೆಯೊಂದರ ಮೇಲೆ ಬೂದು ತಿಮಿಂಗಿಲವನ್ನೂ ಅದರ ಮರಿಯನ್ನೂ ನಿಜಗಾತ್ರದಲ್ಲಿಯೇ ಬರೆದರು. ಬೆಳೆದ ಬೂದು ತಿಮಿಂಗಿಲದ ಉದ್ದ 40 ಅಡಿಗೂ ಮಿಗಿಲು. ಪುಸ್ತಕದ ಪುಟದಲ್ಲಿ ಅದು ಅಂಗೈಯಗಲದ ಚಿತ್ರ; ಗೋಡೆಯ ಮುಂದೆ ನಿಂತ ಬಾಲಕನಿಗಾದರೋ ತಾನೆಷ್ಟು ಚಿಕ್ಕವನೆಂಬುದು ಒಡನೆಯೇ ತಿಳಿಯುತ್ತದೆ. ಇಂತಹ ಜೀವಿಯನ್ನೂ ಮನುಷ್ಯರು ಬೇಟೆಯಾಡಿ ಅಳಿವಿನ ಅಂಚಿಗೆ ತಂದಿದ್ದರೆಂಬ ಸಂಗತಿ ಆಗ ಬರಿಯ ಪಾಠವಾಗಿ ಉಳಿಯುವುದಿಲ್ಲ. ಇಂತಹ ನೂರು ಗೋಡೆಗಳನ್ನು ಚಿತ್ರಿಸುವ ಅವರ ಸಂಕಲ್ಪವು 2008ರಲ್ಲಿ ಬೀಜಿಂಗಿನಲ್ಲಿ ಪೂರ್ಣಗೊಂಡಿತು. ಅಲ್ಲಿ ಅನೇಕ ದೇಶಗಳ ಮಕ್ಕಳೂ ಕುಂಚ ಹಿಡಿದರು.

ನೋಡುವುದಕ್ಕಿಂತಲೂ ಬರೆಯುವುದರಿಂದ ಕಲಿಯುವುದು ಹೆಚ್ಚು. ನಾವು ಶಾಲೆಯ ಗೋಡೆಯ ಮೇಲೆ ಒಂದು ಕಡಲಾಮೆಯನ್ನು ಬರೆಯಬೇಕೆಂದಿಟ್ಟುಕೊಳ್ಳೋಣ. ಅದರ ಕಾಲುಗಳ ಆಕಾರವೇನು, ಅದು ತಿನ್ನುವುದೇನು, ಮೊಟ್ಟೆಯಿಡುವುದೆಲ್ಲಿ ಎಂಬುದನ್ನೆಲ್ಲ ಮೊದಲು ತಿಳಿಯಬೇಕು. ಹಾಗೆ ತಿಳಿಯಹೊರಟಾಗ, ನೀರಿನಲ್ಲಿ ತೇಲುವ ಪ್ಲಾಸ್ಟಿಕ್ ಚೀಲವನ್ನು ಲೋಳೆಮೀನೆಂದು ಭ್ರಮಿಸಿ ಅದು ನುಂಗುವುದೆಂಬ ದುಃಖದ ಸಂಗತಿಯೂ ತಿಳಿಯುತ್ತದೆ. ನಮ್ಮ ವರ್ಸೋವಾದ ಕಿನಾರೆಯನ್ನು ನಾಗರಿಕರು 2015ರಿಂದ ಕಸ ಹೆಕ್ಕಿ ಶುಚಿಗೊಳಿಸತೊಡಗಿದರು. 2018ರಲ್ಲಿ ಅಲ್ಲಿ ಕಡಲಾಮೆಯ ಮರಿಗಳು ಕಾಣಿಸಿಕೊಂಡವು. ಈ ಕಥೆಯೂ ಗೋಡೆಗೆ ತಕ್ಕುದಲ್ಲವೆ?

ಬರೆಯುವ ವಿಧಾನ ಸುಲಭ. ಕಾಗದದ ಮೇಲಿನ ಚಿತ್ರಕ್ಕೆ ಒಂದಂಗುಲದ ಚೌಕಗಳನ್ನೂ ಗೋಡೆಗೆ ಸೀಮೆಸುಣ್ಣದಿಂದ ಒಂದಡಿಯ ಚೌಕಗಳನ್ನೂ ಎಳೆಯಬೇಕು. ಒಂದೊಂದು ಚೌಕದಲ್ಲಿರುವುದನ್ನು ಹಾಗೆಯೇ ಗೋಡೆಗೆ ಇಳಿಸಿದರೆ ಚಿತ್ರದ ಉದ್ದ, ಅಗಲಗಳೆರಡೂ 12 ಪಟ್ಟಾಗುತ್ತವೆ. ಒಬ್ಬೊಬ್ಬರಿಗೆ ಒಂದೊಂದು ಚೌಕ. ಒಂಟಿ ಚೌಕದಲ್ಲಿ ಬರಿಯ ಗೆರೆ, ಬಣ್ಣ; ಎಲ್ಲವೂ ಕೂಡಿದಾಗಲೇ ಆಮೆ. ಕಡಲನ್ನು ಕಾಯುವ ಕೆಲಸವೂ ಹೀಗೆಯೇ.

ಇಲ್ಲಿ ಒಂದು ಎಚ್ಚರಿಕೆ ಅವಶ್ಯ. ಇಂದು ಗೋಡೆಗೆ ಬಳಿಯುವ ಅನೇಕ ಬಣ್ಣಗಳಲ್ಲಿ ಪ್ಲಾಸ್ಟಿಕ್ಕಿನ ಜಾತಿಯ ಅಂಟು ಸೇರಿರುತ್ತದೆ. ಕೆಲಸ ಮುಗಿದ ಮೇಲೆ ನಾವು ಕುಂಚಗಳನ್ನು ಬೀದಿಯ ಮೋರಿಯಲ್ಲಿ ತೊಳೆದರೆ, ಆ ನೀರು ಮಳೆಗಾಲುವೆಯ ಮೂಲಕ ಕಡಲನ್ನೇ ಸೇರುತ್ತದೆ. ಆಮೆಯನ್ನು ಉಳಿಸಿರೆಂದು ಬರೆದ ಕೈಗಳೇ ಅದರ ನೀರನ್ನು ಕೆಡಿಸಿದಂತಾಗುವುದು! ಆದುದರಿಂದ ಕುಂಚದ ಬಣ್ಣವನ್ನು ಮೊದಲು ಹಳೆಯ ಬಟ್ಟೆಗೆ ಒರೆಸಿ, ಆಮೇಲೆ ಬಕೀಟಿನಲ್ಲಿ ಸ್ವಲ್ಪವೇ ನೀರಿಟ್ಟು ತೊಳೆಯಬೇಕು. ಆ ನೀರನ್ನು ಮೋರಿಗೆ ಚೆಲ್ಲಬಾರದು.

ಗೋಡೆಯ ಬಣ್ಣವು ಕೆಲವು ಮಳೆಗಾಲಗಳಲ್ಲಿ ಮಾಸೀತು. ಆದರೆ ಅದನ್ನು ಬರೆದವರು ಮುಂದೆ ಮೋರಿಯೊಳಗೆ ಚೀಲ ಎಸೆಯುವ ಮೊದಲು ಒಂದು ಕ್ಷಣ ಕೈ ತಡೆದರೆ, ಅಷ್ಟರಿಂದಲೇ ನಮ್ಮ ಶ್ರಮ ಸಾರ್ಥಕ.